ಮೀನಿಗೂ ಕಿವಿಯಿದೆ

ನಾನು ಮಾಸ್ತರಿಕೆಗೆ ಸೇರಿದ ಹೊಸತು. ರಾಯಬಾಗ ತಾಲೂಕಿನಲ್ಲಿ ಕೃಷ್ಣಾ ನದಿಯ ದಂಡೆಯ ಒಂದು ಊರು. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಬಂದ ಹುರುಪು ಬೇರೆ. ‘ಮೀನಿಗೆ ಕಿವಿಯಿಲ್ಲ. ಮೈಯ ಎರಡೂ ಬದಿಯಲ್ಲಿರುವ ಪಾರ್ಶ್ವರೇಖೆಯಿಂದ ಅದು ನೀರಿನ ಅಲುಗಾಟವನ್ನಷ್ಟೇ ತಿಳಿಯುತ್ತದೆ’ ಎಂದು ಪಾಠ ಮಾಡುತ್ತಿದ್ದೆ.

ಕೊನೆಯ ಸಾಲಿನಿಂದ ಅಂಬಿಗರ ಹುಡುಗನೊಬ್ಬ ಎದ್ದು ನಿಂತ. ‘ಇಲ್ರಿ ಸರ್, ಮೀನಿಗೆ ಕೇಳಸ್ತೈತ್ರಿ. ದೋಣ್ಯಾಗ ಮಾತಾಡಬ್ಯಾಡ ಅಂತಾನ್ರಿ ನಮ್ಮಪ್ಪ’ ಎಂದ. ತರಗತಿ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ. ‘ನಿಮ್ಮಪ್ಪ ಬರೆದ ಪುಸ್ತಕ ಇದ್ದರೆ ತಗೊಂಬಾ’ ಎಂದು ಕೂರಿಸಿದೆ. ಆಮೇಲೆ ಅವನು ಆ ವರ್ಷವಿಡೀ ನನ್ನ ತರಗತಿಯಲ್ಲಿ ಬಾಯಿ ಬಿಡಲಿಲ್ಲ.

ಕೆಲವು ವರ್ಷಗಳ ಮೇಲೆ ಓದುತ್ತ ಹೋದಂತೆ ನನ್ನ ತಪ್ಪು ತಿಳಿಯಿತು. ದೃಷ್ಟಿಯಿಲ್ಲದ ಒಂದು ಮೀನು ಸಿಳ್ಳೆ ಹಾಕಿದರೆ ಬರುತ್ತದೆ ಎಂದು ಕಾರ್ಲ್ ಫಾನ್ ಫ್ರಿಶ್ ಎಂಬ ವಿಜ್ಞಾನಿ 1923ರಲ್ಲಿಯೇ ಪ್ರಕಟಿಸಿದ್ದರು. ಜೇನುಹುಳುಗಳ ಕುಣಿತದ ಅರ್ಥ ಬಿಡಿಸಿ 1973ರಲ್ಲಿ ನೊಬೆಲ್ ಪಡೆದವರು ಇವರೇ. ಅಂದರೆ ಹುಡುಗನ ಮಾತು ಸರಿಯಾಗಿತ್ತು, ಮಾಸ್ತರನ ಪಾಠ ತಪ್ಪಾಗಿತ್ತು.

ಅಷ್ಟೊತ್ತಿಗೆ ನನಗೆ ಅಥಣಿ ಕಡೆಗೆ ವರ್ಗವಾಗಿತ್ತು. ಸಂತೆಯಿಂದ, ನಮ್ಮ ಕಡೆ ಚಿಲಾಪಿ ಎನ್ನುವ ತಿಲಾಪಿಯಾ ಮೀನಿನ ತಲೆ ತಂದು ಮಕ್ಕಳ ಎದುರೇ ಸೀಳಿದೆ. ಮಿದುಳಿನ ಕೆಳಬದಿಗೆ ಅಕ್ಕಿ ನುಚ್ಚಿನಂಥ ಬಿಳಿ ಹರಳುಗಳು ಸಿಕ್ಕವು. ಅವೇ ಮೀನಿನ ಕಿವಿಗಲ್ಲುಗಳು, ಸುಣ್ಣದಿಂದಾದವು. ಮೀನಿನ ಮೈ ಬಹುಪಾಲು ನೀರೇ. ಆದ್ದರಿಂದ ನೀರಿನ ಸದ್ದು ಮೈಯೊಳಗೆ ಸಲೀಸಾಗಿ ಹಾಯುತ್ತದೆ, ಹೊರಗಿವಿ ಬೇಕಿಲ್ಲ. ಆದರೆ ಭಾರವಾದ ಕಲ್ಲು ಮೈಯ ಜತೆಗೇ ಕಂಪಿಸದೆ ಹಿಂದುಳಿಯುತ್ತದೆ. ಬಸ್ಸು ಫಕ್ಕನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುವುದಿಲ್ಲವೇ, ಹಾಗೆ. ಆಗ ಕಲ್ಲಿನ ಕೆಳಗಿರುವ ರೋಮಕೋಶಗಳು ಬಾಗಿ, ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ.

ಎಲ್ಲ ಮೀನಿನ ಕಿವಿಯೂ ಒಂದೇ ಅಲ್ಲ. ತಿಲಾಪಿಯಾಕ್ಕೆ ಕೇಳಿಸುವುದು ಹೆಚ್ಚಾಗಿ ಸಾವಿರ ಹರ್ಟ್ಜ್‌ನ ಕೆಳಗಿನ ದಪ್ಪ ಸದ್ದು. ಅದೇ ಬುಟ್ಟಿಯಲ್ಲಿರುವ ರೋಹು, ಕಾಟ್ಲಾಗಳ ಮೈಯಲ್ಲಿ ಒಂದು ವಿಶೇಷವಿದೆ. ಹೊಟ್ಟೆಯ ಗಾಳಿಚೀಲದಿಂದ ಒಳಕಿವಿಯವರೆಗೆ ಪುಟ್ಟ ಎಲುಬುಗಳ ಒಂದು ಸರಪಳಿ. 1820ರಲ್ಲಿ ಇದನ್ನು ವರ್ಣಿಸಿದ ವೆಬರ್ ಅವರ ಹೆಸರೇ ಅದಕ್ಕಿದೆ. ಗಾಳಿಚೀಲ ಸದ್ದಿಗೆ ಮಿಡಿಯುತ್ತದೆ, ಎಲುಬುಗಳು ಅದನ್ನು ಕಿವಿಗೆ ದಾಟಿಸುತ್ತವೆ. ಬಾಳೆಮೀನಿಗೂ ಈ ಸೌಕರ್ಯವಿದೆ.

ಆದರೆ ಇದು ಹುಟ್ಟುತ್ತಲೇ ಬರುವುದಿಲ್ಲ. ರೋಹುವಿನ ದೂರದ ನೆಂಟನಾದ, ನಮ್ಮ ದೇಶದ್ದೇ ಆದ ಪುಟ್ಟ ಜೀಬ್ರಾಮೀನನ್ನು ಪ್ರಯೋಗಾಲಯಗಳಲ್ಲಿ ಚೆನ್ನಾಗಿ ಪರೀಕ್ಷಿಸಿದ್ದಾರೆ. ಮೊಟ್ಟೆಗೆ ಒಂದು ದಿನ ತುಂಬುವಷ್ಟರಲ್ಲಿ ಕಿವಿಗಲ್ಲು ಕಾಣಿಸುತ್ತದೆ. ಆದರೂ ಒಂದು ಸೆಂಟಿಮೀಟರ್ ಉದ್ದದ ಮರಿಗೆ ಕೇಳುವುದು ಸುಮಾರು 200 ಹರ್ಟ್ಜ್‌ವರೆಗೆ ಮಾತ್ರ. ಎಲುಬಿನ ಸರಪಳಿ ಬಲಿತು ದೊಡ್ಡದಾದಾಗ 4000 ಹರ್ಟ್ಜ್‌ವರೆಗೂ ಕೇಳುತ್ತದೆ. ಗುರಾಮಿ ಜಾತಿಯ ಮೀನಿನಲ್ಲಿ ದಾರಿಯೇ ಬೇರೆ. ತಲೆಯಲ್ಲಿ ಗಾಳಿ ಹಿಡಿದಿಡುವ ಕೋಣೆ ಬೆಳೆದಂತೆ ಅದರ ಕಿವಿ ಚುರುಕಾಗುತ್ತದೆ.

ಮೀನು ಬೆಳೆದಂತೆ ರೋಮಕೋಶಗಳೂ ಹೆಚ್ಚುತ್ತ ಹೋಗುತ್ತವೆ, ಕೆಟ್ಟರೆ ಹೊಸವು ಹುಟ್ಟುತ್ತವೆ. ಮನುಷ್ಯನಿಗೆ ಆ ಭಾಗ್ಯವಿಲ್ಲ. ತಾಯಿಯ ಹೊಟ್ಟೆಯಲ್ಲಿದ್ದಾಗ ಒಂದೊಂದು ಕಿವಿಗೆ ಸುಮಾರು 15 ಸಾವಿರ ಬಂದರೆ ಬಂತು. ಹೋದದ್ದು ಹೋಯಿತು, ಮರಳಿ ಬಾರದು.

ಇದನ್ನು ಪಾಠ ಮಾಡುತ್ತಿದ್ದವನೇ ನಾನು. ಆದರೂ ಕೆಲವು ವರ್ಷಗಳ ಹಿಂದೆ ಗಣಪತಿಯ ಮೆರವಣಿಗೆಯಲ್ಲಿ ಮಕ್ಕಳನ್ನು ಕಾಯುವ ನೆಪದಲ್ಲಿ ಡಿ.ಜೆ. ಡಬ್ಬಿಗಳ ಮುಂದೆ ತಾಸುಗಟ್ಟಲೆ ನಿಂತೆ. ಅಂದು ಹತ್ತಿದ ಗುಂಯ್‌ಗುಟ್ಟುವಿಕೆ ಇಂದಿಗೂ ಬಿಟ್ಟಿಲ್ಲ. ಈಗ ಚಿಕ್ಕೋಡಿಯಲ್ಲಿ ಪಾಠ ಮಾಡುವಾಗ ಕೊನೆಯ ಸಾಲಿನ ಮಕ್ಕಳ ಮೆಲುದನಿ ನನಗೆ ಕೇಳಿಸುವುದಿಲ್ಲ.

ಕಾಗವಾಡವಿರಲಿ, ನಿಪ್ಪಾಣಿಯಿರಲಿ, ಡಬ್ಬಿಗಳ ಮುಂದೆ ಕುಣಿಯುವ ಹುಡುಗರಿಗೆ ನಾನು ಹೇಳುವುದು ಇಷ್ಟೇ: ಹಿಂದೆ ಸರಿದು ನಿಲ್ಲಿರಪ್ಪಾ. ತಂದೆತಾಯಿಗಳಲ್ಲೂ ಒಂದು ಮಾತು. ಕರೆದರೆ ಮಗು ತಿರುಗದಿದ್ದರೆ, ಹೇಳಿದ್ದನ್ನೇ ಮತ್ತೆ ಮತ್ತೆ ಕೇಳಿದರೆ ‘ಲಕ್ಷ್ಯವಿಲ್ಲ’ ಎಂದು ಬಯ್ಯುವ ಮೊದಲು ಕಿವಿಯ ಡಾಕ್ಟರರಿಗೆ ತೋರಿಸಿರಿ.

ಈಗ ಯಾರಾದರೂ ಹಿಂದಿನ ಸಾಲಿನಲ್ಲಿ ಎದ್ದು ನಿಂತರೆ ನಾನೇ ಅವರ ಬಳಿಗೆ ನಡೆದು ಹೋಗುತ್ತೇನೆ. ‘ಇನ್ನೊಮ್ಮೆ ಹೇಳಪಾ’ ಎಂದು ಬಗ್ಗಿ ಕೇಳುತ್ತೇನೆ. ಅಂಬಿಗರ ಆ ಹುಡುಗನಿಗೂ ಅಂದು ಹಾಗೆ ಕೇಳಬೇಕಿತ್ತು.