ಅಪ್ಪನ ಖೋಲಿಗೆ ಹೋದ ಪ್ರಿಂಟರು

ನಮ್ಮದು ಅಕ್ಕಲಕೋಟೆಯ ಪೇಟೆಯಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಇರುವ ಹಳೆಯ ಕಲ್ಲಿನ ಕಟ್ಟಡ. ಸೊಲ್ಲಾಪುರದ ಚಾದರ, ಟವೆಲುಗಳ ಸಗಟು ವ್ಯಾಪಾರ. ಮನೆಯೊಳಗೆ ಕನ್ನಡ, ಗಾದಿಯ ಮೇಲೆ ಮರಾಠಿ. ಗಿರಾಕಿಗಳಲ್ಲಿ ಹೆಚ್ಚಿನವರು ಕಲಬುರ್ಗಿ, ಆಳಂದ, ಇಂಡಿ ಕಡೆಯವರು.

ಐವತ್ತು ವರ್ಷ ಆ ಗಾದಿಯ ಮೇಲೆ ಕುಳಿತ ನಮ್ಮ ತಂದೆಯವರು 2018ರ ಮಳೆಗಾಲದಲ್ಲಿ ಮೆಟ್ಟಿಲ ಮೇಲೆ ಜಾರಿ ತೊಡೆಯ ಎಲುಬು ಮುರಿದುಕೊಂಡರು. ಆಪರೇಷನ್ ಚೆನ್ನಾಗಿಯೇ ಆಯಿತು. ಕೋಲು ಹಿಡಿದು ಖೋಲಿಯಲ್ಲಿ ಓಡಾಡತೊಡಗಿದರು. ಆದರೆ ಮೆಟ್ಟಿಲು ಇಳಿಯುವುದು ನಿಂತೇ ಹೋಯಿತು. ಮೊದಮೊದಲು ರಾತ್ರಿ ಊಟಕ್ಕೆ ಕುಳಿತಾಗ, "ಇವತ್ತ ಎಷ್ಟು ಪಾರ್ಸಲ್ ಹೋದುವೊ?" ಎಂದು ಕೇಳುತ್ತಿದ್ದರು. ದಣಿದು ಬಂದ ನಾನೂ ನನ್ನ ತಮ್ಮನೂ, "ಎಲ್ಲಾ ಬರೋಬರಿ ಅದ ಅಪ್ಪಾ, ನೀವು ಆರಾಮ ಇರ್ರಿ" ಅಂದುಬಿಡುತ್ತಿದ್ದೆವು. ಕೆಲವು ತಿಂಗಳಾದ ಮೇಲೆ ಅವರು ಕೇಳುವುದನ್ನೇ ಬಿಟ್ಟರು. ಅದು ನಮಗೆ ಹಗುರವೆನಿಸಿತ್ತು ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

2019ರ ದೀಪಾವಳಿಗೆ ಪುಣೆಯಿಂದ ಬಂದ ನನ್ನ ಮಗ ಚೀಲದಿಂದ ಒಂದು ಬಿಳಿಯ ಡಬ್ಬಿ ತೆಗೆದ. ಅಂಗೈಯಗಲ, ಎರಡು ಬೆರಳು ದಪ್ಪ. ಆಪಲ್ ಕಂಪನಿಯ ಏರ್‌ಪೋರ್ಟ್ ಎಕ್ಸ್‌ಪ್ರೆಸ್. ಮೊದಲ ಮಾದರಿ 2004ರಲ್ಲಿ ಬಂದದ್ದು, ಇದು 2012ರದು. 2018ರಲ್ಲಿ ಕಂಪನಿ ಇವನ್ನು ಮಾಡುವುದನ್ನೇ ನಿಲ್ಲಿಸಿತ್ತು. ಗೆಳೆಯನೊಬ್ಬ ಬೇಡವೆಂದು ಕೊಟ್ಟದ್ದಂತೆ. "ಅಪ್ಪಾ, ಇದು ವೈಫೈನೂ ಕೊಡ್ತದ, ಅಜ್ಜಾರಿಗೆ ಹಾಡೂ ಕೇಳಸ್ತದ, ಪ್ರಿಂಟರನೂ ನಡಸ್ತದ" ಎಂದ. ನಾನು ಮೊದಲು ಕೇಳಿದ್ದು ಬೆಲೆ. ಪುಕ್ಕಟೆ ಎಂದಾಗ, "ಹಂಗಾರ ಹಚ್ಚಿ ನೋಡು" ಅಂದೆ.

ಡಬ್ಬಿಯ ಜೊತೆ ಕರೆಂಟಿನ ವಾಯರು ಬಂದಿರಲಿಲ್ಲ. ನಮ್ಮಾಕೆ ಕಪಾಟಿನ ತಳದಿಂದ ಹಳೆಯ ಟೇಪ್‌ರೆಕಾರ್ಡರಿನ ವಾಯರು ಹುಡುಕಿ ತಂದಳು. ಎಂಟರ ಆಕಾರದ ಅದೇ ಎರಡು ತೂತಿನ ತುದಿ, ಸರಿಯಾಗಿ ಕೂತಿತು. ಡಬ್ಬಿ 100ರಿಂದ 240 ವೋಲ್ಟಿನವರೆಗೆ ತಾಳುವಂಥದ್ದು, ಹಾಗಾಗಿ ಚಿಂತೆ ಇರಲಿಲ್ಲ. ನಮ್ಮ ಕಲ್ಲಿನ ಗೋಡೆ ದಾಟಿ ಕೆಳಗಿನ ವೈಫೈ ಅಪ್ಪನ ಖೋಲಿಗೆ ಎಂದೂ ಬಂದದ್ದಿಲ್ಲ. ಆದ್ದರಿಂದ ಅಂಗಡಿಯ ರೌಟರಿನಿಂದ ಮೆಟ್ಟಿಲ ಪಕ್ಕದಲ್ಲೇ ಒಂದು ನೆಟ್‌ವರ್ಕ್ ಕೇಬಲು ಎಳೆದೆವು.

ಅರ್ಧ ದಿನ ಹೋದದ್ದು ದೀಪದ ಬಣ್ಣದ ಮೇಲೆ. ಎಲ್ಲ ಸರಿಯಿದ್ದರೆ ಹಸಿರು, ಇಲ್ಲದಿದ್ದರೆ ಹಳದಿ ಮಿಣುಕುತ್ತದೆ. ನಮ್ಮದು ಮಿಣುಕುತ್ತಲೇ ಇತ್ತು. ಇಂಟರ್ನೆಟ್ಟು ಬರುತ್ತದೆ, ಆದರೆ ಅಂಗಡಿಯ ಕಂಪ್ಯೂಟರಿಗೆ ಪ್ರಿಂಟರೂ ಕಾಣದು, ಹಾಡಿನ ಪೆಟ್ಟಿಗೆಯೂ ಕಾಣದು. ಒಂದೇ ಮನೆಯಲ್ಲಿ ಇಬ್ಬರು ಯಜಮಾನರಿದ್ದಂತೆ ಕೆಳಗಿನ ರೌಟರೂ ನಂಬರು ಹಂಚುತ್ತಿತ್ತು, ಮೇಲಿನ ಡಬ್ಬಿಯೂ ತನ್ನದೇ ನಂಬರು ಹಂಚಿ ಬಾಗಿಲು ಹಾಕಿಕೊಂಡಿತ್ತು. ಮಗ ಮೊಬೈಲಿನಲ್ಲಿ ಡಬ್ಬಿಯ ಸೆಟಿಂಗ್ ತೆರೆದು ಅದನ್ನು 'ಬ್ರಿಜ್ ಮೋಡ್'ಗೆ ಹಾಕಿದ. ಹಾಗೆಂದರೆ ನಂಬರು ಹಂಚುವುದು ಕೆಳಗಿನದೊಂದೇ, ಮೇಲಿನದು ಬರೀ ಸೇತುವೆ. ನಿಮಿಷದೊಳಗೆ ಹಸಿರು ದೀಪ ಬಂತು. ಅಂಗಡಿಯ ವಿಂಡೋಸ್ ಕಂಪ್ಯೂಟರಿಗೆ ಮಾತ್ರ ಪ್ರಿಂಟರು ಗುರುತು ಸಿಗಲು 'ಬಾನ್‌ಜೂರ್' ಎಂಬ ಇನ್ನೊಂದು ಪ್ರೋಗ್ರಾಮು ಹಾಕಬೇಕಾಯಿತು.

ಆಗ ನನಗೆ ನಿಜವಾದ ತೊಡಕು ತಿಳಿಯಿತು. ಹಾಡಿನ ಕಿಂಡಿ, ಪ್ರಿಂಟರಿನ ಯು.ಎಸ್.ಬಿ. ಕಿಂಡಿ, ಎರಡೂ ಒಂದೇ ಡಬ್ಬಿಯ ಬೆನ್ನಿಗಿವೆ. ಅಪ್ಪನ ಹಳೆಯ ಸ್ಟೀರಿಯೋ ಎಲ್ಲಿಯೋ ಪ್ರಿಂಟರೂ ಅಲ್ಲಿಯೇ. "ಬಿಲ್ಲಿಗಾಗಿ ಪ್ರತಿ ಸಲ ಮಾಳಿಗಿ ಹತ್ತೂದೇನು?" ಎಂದು ತಮ್ಮ ಸಿಡಿಮಿಡಿಗೊಂಡ. ನಾನೂ ಅವನ ಪಕ್ಷವೇ. ಹಬ್ಬ ಮುಗಿಯುವ ತನಕ ಇರಲಿ, ಆಮೇಲೆ ಇಳಿಸೋಣ ಎಂದು ಮಾತಾಯಿತು.

ಮರುದಿನ ಸಂಜೆ ಪಾರ್ಸಲುಗಳ ಬಿಲ್ಲು ಕೆಳಗಿನಿಂದ ಬಿಟ್ಟೆ. ಜಿ.ಎಸ್.ಟಿ. ಬಂದ ಮೇಲೆ ಮಾಲಿನ ಬಿಲ್ಲು ಮೂರು ಪ್ರತಿ: ಗಿರಾಕಿಗೊಂದು, ಲಾರಿಯವರಿಗೊಂದು, ನಮಗೊಂದು. ತರಲು ಹೋದರೆ ಅಪ್ಪ ಕನ್ನಡಕ ಏರಿಸಿ, ಕಾಗದಗಳನ್ನು ಮಂಚದ ಮೇಲೆ ಸಾಲಾಗಿ ಹಾಸಿಕೊಂಡು ಬೆರಳಿಟ್ಟು ಓದುತ್ತಿದ್ದರು. ಸ್ಟೀರಿಯೋದಲ್ಲಿ ಭೀಮಸೇನ ಜೋಶಿಯವರ ದಾಸರ ಪದ. ನನ್ನನ್ನು ನೋಡಿ, "ಕಲಬುರ್ಗಿಯವನು ಡಬಲ್ ಚಾದರ ಯಾಕ ಕಡಿಮಿ ಮಾಡ್ಯಾನೊ?" ಎಂದರು. ಎಷ್ಟೋ ತಿಂಗಳ ಮೇಲೆ ಕೇಳಿದ ಮೊದಲ ಪ್ರಶ್ನೆ. ಪ್ರಿಂಟರು ಇಳಿಸುವ ಮಾತನ್ನು ನಾನು ಮತ್ತೆ ಎತ್ತಲಿಲ್ಲ.

ಎರಡು ವಾರದಲ್ಲಿ ಅವರು ತಪ್ಪೊಂದನ್ನು ಹಿಡಿದರು. ಆಗ ತುಂಡಿಗೆ ಸಾವಿರ ರೂಪಾಯಿವರೆಗಿನ ಚಾದರಕ್ಕೆ ತೆರಿಗೆ ಶೇ. 5, ಮೇಲಾದರೆ ಶೇ. 12. ಒಂದು ನಮೂನೆಯ ದರ 1,150ಕ್ಕೆ ಏರಿದ್ದರೂ ಕಂಪ್ಯೂಟರಿನಲ್ಲಿ ಶೇ. 5 ಎಂದೇ ಉಳಿದಿತ್ತು. ಹತ್ತು ಚಾದರಕ್ಕೆ 1,380 ಹಾಕಬೇಕಾದಲ್ಲಿ 575 ಹಾಕಿದ್ದೆವು. ಅಂಥ ಬಿಲ್ಲು ಇನ್ನೂ ಆರು ಹೋಗಿದ್ದವು. "ಯಂತ್ರಕ್ಕ ಏನ್ ಹೇಳ್ತೀರಿ ಅದನ್ನ ಮಾಡ್ತದ" ಎಂದಷ್ಟೇ ಹೇಳಿ ನಕ್ಕರು. ತಮ್ಮ ಅಂದಿನಿಂದ ದೂರದೆ ಮೆಟ್ಟಿಲು ಹತ್ತಿದ. ಅಪ್ಪ ಸಹಿ ಮಾಡಿ ಶಿಕ್ಕಾ ಒತ್ತಿದ ಮೇಲೆಯೇ ಪಾರ್ಸಲು ಹೊರಡುವ ಪದ್ಧತಿಯಾಯಿತು.

ಡಬ್ಬಿಗೆ ಕೊರತೆಗಳೂ ಇದ್ದವು. ಪ್ರಿಂಟರಿಗೆ ಸ್ಕ್ಯಾನರು ಇದ್ದರೂ ಈ ಡಬ್ಬಿಯ ಮೂಲಕ ನಡೆಯದು, ಬರೀ ಅಚ್ಚು. ಕೆಳಗೆ ಹಾಡು ನಿಲ್ಲಿಸಿದರೆ ಮೇಲೆ ಎರಡು ಕ್ಷಣ ತಡವಾಗಿ ನಿಲ್ಲುತ್ತದೆ. ಪದ ಅರ್ಧಕ್ಕೆ ಕಡಿದರೆ ಅಪ್ಪ ಕೋಲಿನಿಂದ ನೆಲಕ್ಕೆ ಬಡಿಯುವರು, ಕೆಳಗೆ ಗಾದಿಯ ಮೇಲೆ ನಮಗೆ ಕೇಳುತ್ತಿತ್ತು.

2023ರ ಚಳಿಗಾಲದಲ್ಲಿ ಅಪ್ಪ ತೀರಿಕೊಂಡರು. ತಮ್ಮ ಅಂಗಡಿಗೆ ವೈಫೈ ಇರುವ ಹೊಸ ಪ್ರಿಂಟರು ತಂದಿದ್ದಾನೆ, ಚಿಲ್ಲರೆ ಬಿಲ್ಲು ಅದರಲ್ಲೇ. ಸಂಜೆಯ ಪಾರ್ಸಲುಗಳ ಬಿಲ್ಲನ್ನು ಮಾತ್ರ ನಾನು ಮೇಲಕ್ಕೇ ಬಿಡುತ್ತೇನೆ. ಹತ್ತಿ ಹೋಗಿ, ಮಂಚದ ಮೇಲೆ ಹಾಸಿ, ಬೆರಳಿಟ್ಟು ಓದಿ ತರುತ್ತೇನೆ. ಮಂಡಿ ನೋಯುತ್ತದೆ ಎಂದು ಮಗನಿಗೆ ಹೇಳಿದರೆ, ಪ್ರಿಂಟರು ಇಳಿಸಿಬಿಡ್ರಿ ಅನ್ನುತ್ತಾನೆ.