ಟೂರಿಗೂ ಮುಯ್ಯಾಳು ಬೇಕು

ನಮ್ಮ ಬೂವನಹಳ್ಳಿ ಹೊರಗಿನವರಿಗೆ ಗೊತ್ತಿರುವುದು ವಿಮಾನ ನಿಲ್ದಾಣದ ಹೆಸರಿನಿಂದ. ಜಮೀನು, ಪರಿಹಾರ, ಕಾಮಗಾರಿ ಅಂತ ವರ್ಷಗಟ್ಟಲೆ ಸುದ್ದಿ ಆಗಿದೆ. ನಾನೂ ಬರೆದಿದ್ದೇನೆ. ವಿಮಾನದ ಮಾತು ಹಾಗಿರಲಿ, ನಮ್ಮ ಕಡೆ ಗಂಡ ಹೆಂಡತಿ ಇಬ್ಬರೇ ಸುಮ್ಮನೆ ಊರು ನೋಡಿಕೊಂಡು ಬಂದವರು ಎಷ್ಟು ಜನ ಅಂತ ಎಣಿಸಿದರೆ ಒಂದು ಕೈಯ ಬೆರಳು ಸಾಕು.

ಹಾಗಂತ ನಾವು ಓಡಾಡುವುದಿಲ್ಲ ಅಂತಲ್ಲ. ಧರ್ಮಸ್ಥಳ, ಸುಬ್ರಹ್ಮಣ್ಯ, ಮಲೆ ಮಾದೇಶ್ವರ ಬೆಟ್ಟ ಎಲ್ಲ ಆಗಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ಗುಂಪು ಕಟ್ಟಿಕೊಂಡು ಇನ್ನೂ ಹೆಚ್ಚು ಹೋಗುತ್ತಾರೆ. ಆದರೆ ನಮ್ಮ ಪ್ರಯಾಣಕ್ಕೆ ಒಂದು ಕಾರಣ ಇರಬೇಕು. ಹರಕೆ, ಮದುವೆ, ಸಾವು, ಆಸ್ಪತ್ರೆ. ಕಾರಣ ಇಲ್ಲದೆ ಹೊರಟರೆ ಜನ ತಾವೇ ಒಂದು ಕಾರಣ ಹುಡುಕುತ್ತಾರೆ.

ನನ್ನ ಹೆಂಡತಿ ರಾತ್ರಿ ಕೆಲಸ ಮುಗಿಸಿ ಫೋನಿನಲ್ಲಿ ಯುರೋಪಿನ ರೈಲಿನ ವಿಡಿಯೋ ನೋಡುತ್ತಾಳೆ. ಗಂಡ ಹೆಂಡತಿ ಒಂದೊಂದು ಚೀಲ ಹೆಗಲಿಗೆ ಹಾಕಿಕೊಂಡು ಬೆಳಿಗ್ಗೆ ಒಂದು ದೇಶ, ಸಂಜೆ ಇನ್ನೊಂದು ದೇಶ ಅಂತ ಇಳಿದು ಹತ್ತುತ್ತಿರುತ್ತಾರೆ. ಅವಳಿಗೆ ಇಷ್ಟವಾದದ್ದು ಸ್ವಿಟ್ಜರ್ಲೆಂಡಿನಿಂದ ಇಟಲಿಯ ತಿರಾನೋಗೆ ಇಳಿಯುವ ಬರ್ನಿನಾ ರೈಲು. 1910ರಲ್ಲೇ ಹಾಕಿದ ಹಳಿ. 2008ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಕೆಲವು ಕಡೆ 14 ಅಡಿ ಮುಂದೆ ಹೋದರೆ 1 ಅಡಿ ಏರುವಷ್ಟು ಕಡಿದು ಹಾದಿ.

"ಇಂಥದ್ದು ನಮ್ಮಲ್ಲಿಲ್ವೇನ್ರೀ?" ಅಂದಳು.

ಇದೆ. ಹಾಸನದಿಂದ ಬರೀ ನಲವತ್ತು ಕಿಲೋಮೀಟರ್ ಆಚೆ, ಸಕಲೇಶಪುರದಿಂದ ಶುರು. ನಾವು ಅದರ ಬಗ್ಗೆ ಮಾತಾಡುವುದು ಗುಡ್ಡ ಕುಸಿದಾಗ ಮಾತ್ರ. 2024ರ ಜುಲೈನಲ್ಲಿ ಯಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಮಣ್ಣು ಕುಸಿದು ರೈಲು ನಿಂತಾಗ ನಾವು ಪತ್ರಕರ್ತರೆಲ್ಲ ಬರೆದೆವು. ಆ ವರ್ಷ ದೀಪಾವಳಿ ಕಳೆದ ಮೇಲೆ, ರಾಗಿ ಕೊಯ್ಲಿಗೆ ಇನ್ನೂ ಸಮಯ ಇರುವಾಗ, ಹೋಗಿಯೇ ಬಿಡೋಣ ಅಂತ ತೀರ್ಮಾನ ಮಾಡಿದೆವು. ಹಾಸನದಿಂದ ಮಂಗಳೂರು, ಉಡುಪಿ, ಕಾರವಾರ, ಮಡಗಾಂವ್, ಹುಬ್ಬಳ್ಳಿ, ಅರಸೀಕೆರೆ, ಮತ್ತೆ ಹಾಸನ. ಭೂಪಟದಲ್ಲಿ ನೋಡಿದರೆ ಒಂದು ಬಳೆ. ಆರು ದಿನ, ಪೂರ್ತಿ ರೈಲಿನಲ್ಲೇ.

ದುಡ್ಡು ಹೇಗೋ ಆಗುತ್ತಿತ್ತು. ಸುದ್ದಿಗೆ ಇಷ್ಟು ಅಂತ ಲೆಕ್ಕ ಹಾಕಿ ಕೊಡುವ ನನ್ನ ಕೆಲಸದಲ್ಲೂ ಸ್ಲೀಪರ್ ಟಿಕೆಟ್, ಸಾಧಾರಣ ಲಾಡ್ಜು ಭಾರ ಅಲ್ಲ. ದೊಡ್ಡ ಪ್ರಶ್ನೆ ಬೇರೆ ಇತ್ತು. ಅವ್ವ ಕೇಳಿದಳು:

"ಯಾವ್ ದೇವ್ರಿಗ್ಲಾ ಹರಕೆ?"

"ಯಾವ ದೇವ್ರಿಗೂ ಇಲ್ಲವ್ವ. ಸುಮ್ನೆ ನೋಡ್ಕಂಡ್ ಬರೋದು."

"ಸುಮ್ನೆ ನೋಡೋಕೆ ಹೋದ್ರೆ ಹಾಲ್ ಕರೆಯೋರ್ ಯಾರು?"

ನಿಜವಾದ ಪ್ರಶ್ನೆ ಅದೇ. ನಮ್ಮ ಮನೆಯಲ್ಲಿ ಮೂರು ಹಸು. ಬೆಳಿಗ್ಗೆ, ಸಂಜೆ ಎರಡು ಹೊತ್ತು ಡೈರಿಗೆ ಹಾಲು ಹಾಕಬೇಕು. ಹಸುವಿಗೆ ಭಾನುವಾರ ಇಲ್ಲ, ದೀಪಾವಳಿ ಇಲ್ಲ. ಅವ್ವನಿಗೆ ಮಂಡಿ ನೋವು, ಕುಕ್ಕರಗಾಲಲ್ಲಿ ಕೂರಲು ಆಗುವುದಿಲ್ಲ. ಕರೆಯುವವಳು ನನ್ನ ಹೆಂಡತಿ. ಅಂದರೆ ಗಂಡಸು ಎಲ್ಲಿಗೆ ಬೇಕಾದರೂ ಹೋಗಿ ಬರಬಹುದು, ಅವನ ಹಿಂದೆ ಹಸು ಕೂಗುವುದಿಲ್ಲ. ಹೆಂಗಸು ಹೊರಟರೆ ಕೊಟ್ಟಿಗೆ ನಿಂತುಹೋಗುತ್ತದೆ. ನಮ್ಮ ಊರುಗಳಲ್ಲಿ ಜೋಡಿಯಾಗಿ ಯಾರೂ ಹೋಗದಿರುವುದಕ್ಕೆ ನಾಚಿಕೆ ಅರ್ಧ ಕಾರಣ, ಕೊಟ್ಟಿಗೆ ಇನ್ನರ್ಧ.

ದಾರಿ ಹುಡುಕಿದ್ದು ಕೊಣನೂರಿಗೆ ಕೊಟ್ಟಿರುವ ನನ್ನ ತಂಗಿ. "ರಾಗಿ ಕುಯ್ಯೋಕೆ ಮುಯ್ಯಾಳು ಬತ್ತಾರಲ್ವ ಅಣ್ಣಯ್ಯ? ಇದಕ್ಕೂ ಹಂಗೇ ಮಾಡನ. ಆರ್ ದಿನ ನಾನ್ ಬಂದು ಕರ್ಕೊಡ್ತೀನಿ. ಆಮೇಲೆ ನಾವ್ ಹೋದಾಗ ಅತ್ಗೆ ಬಂದು ನಮ್ಮನೇಲಿ ಕರೀಲಿ" ಅಂದಳು. ಇವತ್ತು ನೀನು ನನ್ನ ಹೊಲಕ್ಕೆ, ನಾಳೆ ನಾನು ನಿನ್ನ ಹೊಲಕ್ಕೆ. ಕೂಲಿ ಇಲ್ಲ, ಸಾಲ ಇಲ್ಲ. ಅಜ್ಜಂದಿರ ಕಾಲದ ಲೆಕ್ಕ. ಮಗನನ್ನು ಅವ್ವನ ಹತ್ತಿರ ಬಿಟ್ಟು ಹೊರಟೆವು.

ಮೊದಲ ದಿನ ಘಾಟಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣಕ್ಕೆ ಸುಮಾರು 55 ಕಿಲೋಮೀಟರ್, ಅದರಲ್ಲಿ 57 ಸುರಂಗ. 50 ಅಡಿಗೆ 1 ಅಡಿ ಇಳಿಜಾರು. 1979ರಲ್ಲಿ ಮೀಟರ್ ಗೇಜ್ ಆಗಿ ಶುರುವಾದ ದಾರಿ, ಅಗಲ ಮಾಡಲು 1996ರಲ್ಲಿ ನಿಲ್ಲಿಸಿದರು. ಪ್ರಯಾಣಿಕರ ರೈಲು ಮತ್ತೆ ಬಂದಿದ್ದು 2007ರ ಡಿಸೆಂಬರ್‌ನಲ್ಲಿ. ನನ್ನ ಹೆಂಡತಿ ಸುರಂಗ ಎಣಿಸಲು ಶುರು ಮಾಡಿ ಮೂವತ್ತರ ಹತ್ತಿರ ಮಾತಿಗೆ ಬಿದ್ದು ಲೆಕ್ಕ ತಪ್ಪಿದಳು. ಕತ್ತಲಾದಾಗಲೆಲ್ಲ ಬೋಗಿಯ ಹುಡುಗರು ಕೂಗುತ್ತಿದ್ದರು. ಎರಡನೇ ಹತ್ತರಲ್ಲಿ ಇವಳೂ ಕೂಗಿದಳು. ಊರಲ್ಲಿ ಅವಳ ದನಿ ಅಷ್ಟು ಜೋರಾಗಿ ಕೇಳಿದ್ದು ಹಸು ಹಗ್ಗ ಬಿಚ್ಚಿಕೊಂಡಾಗ ಮಾತ್ರ.

ಯುರೋಪಿನಲ್ಲಿ ಗಡಿ ದಾಟಿದರೆ ಭಾಷೆ ಬದಲು ಅಂತಾರೆ. ನಮಗೆ ಘಾಟಿ ಇಳಿದರೆ ಸಾಕಾಯಿತು. ಮಂಗಳೂರಿನಲ್ಲಿ ಒಂದೇ ಬೆಂಚಿನಲ್ಲಿ ತುಳು, ಬ್ಯಾರಿ, ಮಲಯಾಳಂ ಕೇಳಿಸಿತು. ಕಾರವಾರಕ್ಕೆ ಬರುವ ಹೊತ್ತಿಗೆ ಕೊಂಕಣಿ.

ಕೊಂಕಣ ರೈಲಿನ ಕಥೆ ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದ ಕಾಲಕ್ಕೆ ಹೋಗುತ್ತದೆ. 1990ರಲ್ಲಿ ನಿಗಮ ಆಯಿತು, ಇ. ಶ್ರೀಧರನ್ ಮುಂದೆ ನಿಂತು ಕಟ್ಟಿಸಿದರು, 1998ರಲ್ಲಿ ಪೂರ್ತಿ ದಾರಿಯಲ್ಲಿ ರೈಲು ಓಡಿತು. ಹೊನ್ನಾವರದ ಶರಾವತಿ ಸೇತುವೆ ಎರಡು ಕಿಲೋಮೀಟರಿಗೂ ಉದ್ದ. ನಮ್ಮ ಹೇಮಾವತಿ ನೋಡಿದ ಕಣ್ಣಿಗೆ ಆ ನೀರು ಮುಗಿಯುವುದೇ ಇಲ್ಲವೇನೋ ಅನ್ನಿಸಿತು.

ಕಾರವಾರದಲ್ಲಿ ಸಂಜೆ ಐದೂವರೆಗೆ ಸಮುದ್ರದ ಮುಂದೆ ಕೂತಿದ್ದೆವು. ಅವಳು ಎರಡು ಸಲ ಫೋನು ತೆಗೆದು ಟೈಮ್ ನೋಡಿದಳು. "ಡೈರಿ ಹೊತ್ತು" ಅಂದಳು. ಕೈ ಸುಮ್ಮನಿರುತ್ತಿರಲಿಲ್ಲ, ಮರಳು ಹಿಂಡುತ್ತಿತ್ತು. ತಂಗಿಗೆ ಫೋನ್ ಮಾಡಿ ಎಷ್ಟು ಲೀಟರ್ ಬಂತು ಅಂತ ಕೇಳಿ ಸಮಾಧಾನ ಮಾಡಿಕೊಂಡಳು. ಆಮೇಲೆ ಬಹಳ ಹೊತ್ತು ಬಿಟ್ಟು ಹೇಳಿದಳು:

"ಮೂರ್ ದಿನ ಆಯ್ತು. ಯಾರ ಸೊಸೆ, ಯಾರ ಮನೆಯವಳು ಅಂತ ಒಬ್ರೂ ಕೇಳ್ಲಿಲ್ಲ ನೋಡಿ."

ನಾನು ಎಷ್ಟೋ ಜನರ ಮಾತು ಬರೆದುಕೊಂಡವನು. ಆ ಮಾತು ಬರೆದುಕೊಳ್ಳದೆಯೇ ಉಳಿದಿದೆ.

ಮಡಗಾಂವ್‌ನಿಂದ ಹುಬ್ಬಳ್ಳಿಗೆ ಹಗಲಿನ ರೈಲು ಹಿಡಿಯಿರಿ. ಕುಳೆಂನಿಂದ ಕ್ಯಾಸಲ್‌ರಾಕ್‌ವರೆಗೆ ಏರು ನಮ್ಮ ಘಾಟಿಗಿಂತ ಕಡಿದು, 37ಕ್ಕೆ 1. ಹಿಂದಿನಿಂದ ಬೇರೆ ಎಂಜಿನ್ ತಳ್ಳುತ್ತದೆ. ಮಧ್ಯೆ ದೂಧ್‌ಸಾಗರ್ ಜಲಪಾತ, ಹಾಲು ಸುರಿದ ಹಾಗೆ. "ಇಷ್ಟು ಹಾಲು ಕರೆಯೋರ್ಯಾರು" ಅಂತ ಇವಳು ನಕ್ಕಳು. ಅಲ್ಲಿ ಇಳಿಯಬೇಡಿ, ಹಳಿ ಮೇಲೆ ನಡೆದರೆ ಕೇಸು ಬೀಳುತ್ತದೆ. ಹುಬ್ಬಳ್ಳಿಯಲ್ಲಿ ಪ್ರಪಂಚದಲ್ಲೇ ಉದ್ದದ ಪ್ಲಾಟ್‌ಫಾರ್ಮ್ ಇದೆ, 1507 ಮೀಟರ್, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದದ್ದು. ಪೂರ್ತಿ ನಡೆಯಬೇಕು ಅಂತ ಹೊರಟು ಅರ್ಧಕ್ಕೆ ಗಿರ್‌ಮಿಟ್ ತಿಂದು ವಾಪಸ್ ಬಂದೆವು. ಆರನೇ ದಿನ ಹಾವೇರಿ, ಹರಿಹರ, ಬೀರೂರು ದಾಟಿ ಅರಸೀಕೆರೆಯ ತೆಂಗಿನ ತೋಟ ಕಾಣುವಾಗ ಅವಳು ಮಗನಿಗೆ ಕೊಂಡಿದ್ದ ಗೋಡಂಬಿ ಪೊಟ್ಟಣ ಮೇಲೆ ತೆಗೆದಿಟ್ಟಳು.

ಹೋಗುವವರಿಗೆ ಎರಡು ಮಾತು. ಘಾಟಿಯಲ್ಲಿ ಹಗಲು ರೈಲು ಕೆಲಸ ನಡೆಯುವಾಗ, ಮಳೆಗಾಲದಲ್ಲಿ ರದ್ದೂ ಆಗುತ್ತದೆ. ನಿಲ್ದಾಣದಲ್ಲಿ ಕೇಳಿಕೊಂಡೇ ಹೊರಡಿ. ಲಾಡ್ಜಿನಲ್ಲಿ ಕೇಳುತ್ತಾರೆ, ಇಬ್ಬರ ಆಧಾರ್ ಕಾರ್ಡೂ ಜೊತೆಗಿರಲಿ.

ಮರುವರ್ಷ ತಂಗಿ, ಭಾವ ಬಾದಾಮಿ, ವಿಜಯಪುರ ನೋಡಿ ಬಂದರು. ನನ್ನ ಹೆಂಡತಿ ಕೊಣನೂರಿನಲ್ಲಿ ಐದು ದಿನ ಅವರ ಹಸು ಕರೆದಳು. ಈಗ ಪಕ್ಕದ ಬೀದಿಯ ಇಬ್ಬರು ಸೊಸೆಯರು ಇವಳ ಹತ್ತಿರ ಬಂದು ಲೆಕ್ಕ ಕೇಳಿದ್ದಾರೆ. ಟಿಕೆಟ್ ಎಷ್ಟು ಅಂತಲ್ಲ, ಯಾವ ವಾರ ನೀನು ನಮ್ಮ ಕೊಟ್ಟಿಗೆಗೆ ಬರ್ತೀಯ ಅಂತ.