ಕರೆಂಟು ಹೋದರೆ ನೀರೆಲ್ಲಿಗೆ?

ಸಂಪು ಎಂದರೆ ನಮಗೆಲ್ಲ ನೆನಪಾಗುವುದು ಅಂಗಳದಲ್ಲಿ ನೆಲ ಅಗೆದು ಕಟ್ಟಿಸುವ ನೀರಿನ ತೊಟ್ಟಿ. ನನ್ನ ತಮ್ಮ ಹೇಳುವ ಸಂಪೇ ಬೇರೆ. ಉಪ್ಪುನೀರಿನ ಮೀನಿನ ತೊಟ್ಟಿಯ ಕೆಳಗೆ, ಸ್ಟ್ಯಾಂಡಿನೊಳಗೆ ಇರುವ ಇನ್ನೊಂದು ಗಾಜಿನ ತೊಟ್ಟಿ ಅದು. ಮೇಲಿನ ನೀರು ಪೈಪಿನಲ್ಲಿ ಇಳಿದು ಅಲ್ಲಿಗೆ ಬರುತ್ತದೆ, ಶುದ್ಧವಾಗಿ ಪಂಪಿನ ಮೂಲಕ ಮತ್ತೆ ಮೇಲೇರುತ್ತದೆ.

ತಮ್ಮ ಆರು ವರ್ಷ ದುಬೈಯ ಅಕ್ವೇರಿಯಂ ಅಂಗಡಿಯಲ್ಲಿ ದುಡಿದು ಬಂದವನು. ಇನ್ನು ಊರಲ್ಲೇ ಈ ಕಸುಬು ಮಾಡುತ್ತೇನೆಂದು ಹಟ ಹಿಡಿದ. ಬಂದವರಿಗೆ ತೋರಿಸಲು ಒಂದು ಮಾದರಿ ಬೇಕಲ್ಲ? ಉಳಿಸಿದ ದುಡ್ಡಿನ ದೊಡ್ಡ ಪಾಲು ಸುರಿದು ನಮ್ಮ ಚಾವಡಿಯಲ್ಲೇ ತೊಟ್ಟಿ ಇಡಲು ಹೊರಟ. ಇದು ಕೈಕೊಟ್ಟರೆ ಅವನು ಮತ್ತೆ ವಿಮಾನ ಹತ್ತಬೇಕು ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಅವನು ನಕ್ಷೆ ಬರೆದ, ಟೇಪು ಹಿಡಿದು ಲೆಕ್ಕ ಬರೆದವಳು ನಾನು. ಸಂಪಿನಲ್ಲಿ ಮೂರು ಕೋಣೆ. ಮೊದಲನೆಯದರಲ್ಲಿ ಬಟ್ಟೆಯ ಚೀಲ ಕಸ ಹಿಡಿಯುತ್ತದೆ. ಪಕ್ಕದಲ್ಲೇ ಪ್ರೋಟೀನ್ ಸ್ಕಿಮ್ಮರ್. ಬೆಲ್ಲದ ಪಾಕ ಕುದಿಯುವಾಗ ಮೇಲೆ ಬರುವ ನೊರೆಯನ್ನು ಅಮ್ಮ ಸೌಟಿನಲ್ಲಿ ತೆಗೆಯುತ್ತಾಳಲ್ಲ, ಹಾಗೆ ಇದು ಸಣ್ಣ ಗುಳ್ಳೆಗಳನ್ನು ಎಬ್ಬಿಸಿ ಕೊಳೆಯನ್ನು ನೊರೆಯಾಗಿ ಹೊರಹಾಕುತ್ತದೆ. ಎರಡನೆಯದರಲ್ಲಿ ಸೆರಾಮಿಕ್ ತುಂಡುಗಳು. ಅವುಗಳ ಮೇಲೆ ಬೆಳೆಯುವ ಬ್ಯಾಕ್ಟೀರಿಯಾ ಮೀನಿನ ಹೊಲಸಿನ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಮತ್ತೆ ನೈಟ್ರೇಟ್ ಮಾಡುತ್ತವೆ. ಮೂರನೆಯದು ಪಂಪಿನ ಕೋಣೆ. ನೀರು ಆವಿಯಾದರೆ ಮಟ್ಟ ಇಳಿಯುವುದು ಇಲ್ಲೇ. ಉಪ್ಪು ಆವಿಯಾಗುವುದಿಲ್ಲ, ಆದ್ದರಿಂದ ತುಂಬಿಸಬೇಕಾದದ್ದು ಸಿಹಿನೀರು.

ಅಪ್ಪ ಇದನ್ನೆಲ್ಲ ಎಲೆಅಡಿಕೆ ಜಗಿಯುತ್ತ ಕೇಳಿದರು. ಕೊನೆಗೆ ಒಂದೇ ಪ್ರಶ್ನೆ: "ಎಲ್ಲ ಸರಿ ಮಾರಾಯ, ಕರೆಂಟು ಹೋದರೆ ಮೇಲಿನ ನೀರು ಎಲ್ಲಿಗೆ ಹೋಗ್ತದೆ?"

ಪಂಪು ನಿಂತರೂ ಮೇಲಿನ ತೊಟ್ಟಿಯ ನೀರು ಪೈಪಿನ ಬಾಯಿಯ ಮಟ್ಟಕ್ಕೆ ಬರುವವರೆಗೆ ಇಳಿಯುತ್ತಲೇ ಇರುತ್ತದೆ. ತಮ್ಮನಿಗೆ ಇದು ಗೊತ್ತಿತ್ತು. ಆದರೆ ಅವನು ಕಲಿತ ಊರಲ್ಲಿ ಕರೆಂಟು ಹೋಗುವುದೇ ಅಪರೂಪ, ಸಂಪಿನಲ್ಲಿ ಬಿಟ್ಟಿದ್ದ ಜಾಗವೂ ಅಷ್ಟಕ್ಕಷ್ಟೆ. ಅಪ್ಪ ಹೇಳಿದರು: "ತೋಟದಲ್ಲಿ ಕಣಿ ತೋಡುವಾಗ ಬೇಸಗೆಯ ನೀರು ನೋಡಿ ಅಳತೆ ಹಿಡೀತೇವಾ? ಆಟಿಯ ಮಳೆ ನೋಡಿ ತೋಡುವುದು."

ಮತ್ತೆ ಲೆಕ್ಕಕ್ಕೆ ಕುಳಿತೆವು. ಮೇಲಿನ ತೊಟ್ಟಿ 3 ಅಡಿ ಉದ್ದ, ಒಂದೂವರೆ ಅಡಿ ಅಗಲ. ಒಂದು ಅಂಗುಲ ನೀರು ಇಳಿದರೆ ಹತ್ತೂವರೆ ಲೀಟರ್. ಪೈಪಿನೊಳಗಿನದ್ದು ಸೇರಿ 14 ಎನ್ನೋಣ. ಸಂಪು 2 ಅಡಿ ಉದ್ದ, 1 ಅಡಿ ಅಗಲ, 16 ಅಂಗುಲ ಎತ್ತರ. ಓಡುವಾಗ ನೀರು 10 ಅಂಗುಲ, ಮೇಲೆ 6 ಅಂಗುಲ ಖಾಲಿ. ಅಂದರೆ 28 ಲೀಟರಿಗೆ ಜಾಗ, ಬೇಕಾದ್ದರ ಎರಡು ಪಟ್ಟು.

ಇನ್ನೊಂದು ಅಪಾಯವಿದೆ. ಪಂಪಿನ ಪೈಪು ಮೇಲಿನ ತೊಟ್ಟಿಯಲ್ಲಿ ಆಳಕ್ಕೆ ಮುಳುಗಿದ್ದರೆ, ಪಂಪು ನಿಂತಾಗ ನೀರು ಅದರಲ್ಲೇ ಹಿಮ್ಮುಖವಾಗಿ ಹರಿಯುತ್ತದೆ. 6 ಅಂಗುಲ ಮುಳುಗಿದ್ದರೆ 60 ಲೀಟರಿಗಿಂತ ಹೆಚ್ಚು ಉಪ್ಪುನೀರು ಸಂಪಿಗೆ ಇಳಿದು, ಅದು ಹಿಡಿಯಲಾರದ್ದೆಲ್ಲ ಚಾವಡಿಗೆ! ಅದಕ್ಕೇ ಪೈಪಿನ ಬಾಯಿಯನ್ನು ಮೇಲ್ಮಟ್ಟದ ಹತ್ತಿರವೇ ಇಟ್ಟು, ನೀರಿನ ಮಟ್ಟದ ತುಸು ಕೆಳಗೆ ಒಂದು ಸಣ್ಣ ತೂತು ಕೊರೆದೆವು. ತೂತಿಗೆ ಗಾಳಿ ಸಿಕ್ಕಿದ ಕೂಡಲೇ ಹರಿವು ಕಡಿಯುತ್ತದೆ.

ಉಪ್ಪು, ಮೀನು ಯಾವುದೂ ಇಲ್ಲದೆ ಬಾವಿನೀರು ತುಂಬಿಸಿ ಪರೀಕ್ಷೆ ಮಾಡಿದೆವು. ಗಾಜಿನ ಮೇಲೆ ಗೆರೆ ಎಳೆದು ಅಪ್ಪನೇ ಮೇನ್ ಸ್ವಿಚ್ ಆಫ್ ಮಾಡಿದರು. ಅಮ್ಮ ನೆಲ ಒರೆಸುವ ಬಟ್ಟೆ ಹಿಡಿದು ನಿಂತಿದ್ದರು. ಸಂಪಿನ ನೀರು 3 ಅಂಗುಲ ಏರಿ ನಿಂತಿತು. ಬಟ್ಟೆ ಒಣಗಿಯೇ ಉಳಿಯಿತು.

ಆಮೇಲೆ ಆ ನೀರು ಚೆಲ್ಲಿ, ಆರ್‌ಒ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂನಂತೆ ಸಮುದ್ರದ ಉಪ್ಪು ಬೆರೆಸಿದ. ಬ್ಯಾಕ್ಟೀರಿಯಾ ಬೆಳೆಯಲೆಂದು ಐದು ವಾರ ಮೀನಿಲ್ಲದೆ ಕಾದ. ಗಟ್ಟಿ ಹವಳ, ಕಡಲಕುದುರೆ ತರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವಕ್ಕೆ ರಕ್ಷಣೆ ಇದೆ. ತಂದದ್ದು ತೊಟ್ಟಿಯಲ್ಲೇ ಮರಿ ಮಾಡಿಸಿದ ಎರಡು ಕ್ಲೌನ್ ಮೀನು.

ಜೂನಿನಲ್ಲಿ ಒಂದು ರಾತ್ರಿ ಮರ ಬಿದ್ದು ಏಳು ಗಂಟೆ ಕರೆಂಟಿಲ್ಲ. ಬ್ಯಾಟರಿಯ ಸಣ್ಣ ಗಾಳಿಪಂಪು ಮಾತ್ರ ಗುಳುಗುಳು ಎನ್ನುತ್ತಿತ್ತು. ತಮ್ಮ ಟಾರ್ಚ್ ಹಿಡಿದು ಕೂತೇ ಇದ್ದ. ಬೆಳಗ್ಗೆ ನೆಲ ಒಣಗಿತ್ತು, ಮೀನುಗಳು ತಿಂಡಿಗೆ ಮೇಲೆ ಬಂದವು.

ಈಗ ಅವನಿಗೆ ಎರಡು ಮನೆಗಳ ಕೆಲಸ ಸಿಕ್ಕಿದೆ. ತೊಟ್ಟಿ ಎಷ್ಟು ದೊಡ್ಡದು ಬೇಕು ಎಂದು ಕೇಳುವ ಮೊದಲೇ, ನಿಮ್ಮಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟು ಹೋಗುತ್ತದೆ ಎಂದು ಕೇಳುತ್ತಾನೆ.